ಹಿಮ ಕುಸಿಯುವ ಬಗೆ

ಹಿಮಪಾತ ಎಂಬ ಶಬ್ದವನ್ನು ನಾವು ಕನ್ನಡದಲ್ಲಿ ಎರಡು ಬೇರೆ ಬೇರೆ ಸಂಗತಿಗಳಿಗೆ ಬಳಸುತ್ತ ಬಂದಿದ್ದೇವೆ. ಆಕಾಶದಿಂದ ಹಿಮ ಉದುರಿದರೂ ಹಿಮಪಾತ. ಬೆಟ್ಟದ ಮೈಮೇಲೆ ಕೂಡಿದ ಹಿಮ ಒಮ್ಮೆಲೇ ಜಾರಿ ಬಂದು ಕೆಳಗಿದ್ದವರನ್ನು ಹೂತುಹಾಕಿದರೂ ಹಿಮಪಾತ. ಮಂಜು ಎಂಬ ಮಾತಿನ ಪಾಡೂ ಅಷ್ಟೇ. ಮಾರ್ಗಶಿರ ಮಾಸದ ಮುಂಜಾನೆ ಕಿತ್ತೂರಿನ ಕೋಟೆಯ ಮೇಲೆ ಕವಿಯುವುದೂ ಮಂಜು, ಹಿಮಾಲಯದ ನೆತ್ತಿಯ ಮೇಲೆ ಹೆಪ್ಪುಗಟ್ಟಿ ಕುಳಿತಿರುವುದೂ ಮಂಜು. ಇದನ್ನು ನಮ್ಮ ನುಡಿಯ ಬಡತನವೆಂದು ಎಣಿಸಬೇಕಾಗಿಲ್ಲ. ಕಣ್ಣೆದುರು ಇಲ್ಲದ ವಸ್ತುವಿಗೆ ಜನ ನಾಲ್ಕಾರು ಹೆಸರುಗಳನ್ನು ಕಟ್ಟುವುದಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಆಕಾಶದಿಂದ ಗಡ್ಡೆಯಾಗಿ ಬೀಳುವ ನೀರೆಂದರೆ ಬೇಸಗೆಯ ಅಡ್ಡಮಳೆಯೊಡನೆ ಬರುವ ಆಣೆಕಲ್ಲು ಒಂದೇ. ಅದೂ ಅಂಗಳದಲ್ಲಿ ಅರೆಗಳಿಗೆ ನಿಂತು ಕರಗಿಹೋಗುತ್ತದೆ. ಬನದ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಬಂದ ಭಕ್ತರು ಬಂಡಿಯ ಕೆಳಗೆ ಕಂಬಳಿ ಹೊದ್ದು ಮಲಗಿದಾಗ ರಾತ್ರಿಯ ಕಾವು ಹತ್ತು ಹನ್ನೆರಡು ಡಿಗ್ರಿಗೆ ಇಳಿದರೆ ನಮಗೆ ಅದೇ ದೊಡ್ಡ ಚಳಿ.

ಹೀಗಿರುವ ನಾವು ಹಿಮ ಕುಸಿಯುವ ವಿಚಾರವನ್ನು ಏಕೆ ತಿಳಿದುಕೊಳ್ಳಬೇಕು? ಏಕೆಂದರೆ ಈ ಸೀಮೆಯ ಊರೂರುಗಳಿಂದ ಮಕ್ಕಳು ಸೈನ್ಯಕ್ಕೆ ಸೇರುತ್ತಾರೆ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವೇ ಇದೆ. ಎರೆಹೊಲದಲ್ಲಿ ಕುಂಟೆ ಹೊಡೆದ ಹುಡುಗ ಎರಡು ಮೂರು ವರ್ಷಗಳಲ್ಲಿ ಲಡಾಖಿನಲ್ಲೋ ಕಾಶ್ಮೀರದಲ್ಲೋ ಎದೆಯೆತ್ತರದ ಹಿಮದ ನಡುವೆ ಕಾವಲು ನಿಂತಿರುತ್ತಾನೆ. ಮನೆಯವರಿಗೆ ಆ ನಾಡಿನ ಹೆಸರು ಗೊತ್ತು. ಅಲ್ಲಿನ ಚಳಿಯ ಮಾತನ್ನು ಕೇಳಿ ಗೊತ್ತು. ಆದರೆ ಅವನಿಗೆ ಇರುವ ಅಪಾಯ ಎಂಥದು, ಅದು ಹೇಗೆ ಹುಟ್ಟುತ್ತದೆ, ಅದನ್ನು ಎಷ್ಟರಮಟ್ಟಿಗೆ ಮೊದಲೇ ಅರಿಯಲು ಬರುತ್ತದೆ ಎಂಬುದು ತಿಳಿದಿರುವುದಿಲ್ಲ. ತಿಳಿಯದ ಕಡೆಯಲ್ಲಿ ವಿಧಿ ಎಂಬ ಒಂದು ಮಾತು ಬಂದು ಕುಳಿತುಕೊಳ್ಳುತ್ತದೆ.

2016ರ ಫೆಬ್ರವರಿಯಲ್ಲಿ ಈ ಸಂಗತಿ ನಮ್ಮ ಬಾಗಿಲಿಗೇ ಬಂತು. ಕಿತ್ತೂರಿನಿಂದ ಹೆದ್ದಾರಿ ಹಿಡಿದು ಧಾರವಾಡ, ಹುಬ್ಬಳ್ಳಿಗಳನ್ನು ದಾಟಿದರೆ ಕುಂದಗೋಳ ತಾಲೂಕು ಸಿಗುತ್ತದೆ. ಆ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಮದ್ರಾಸ್ ರೆಜಿಮೆಂಟಿನ 19ನೆಯ ಬೆಟಾಲಿಯನ್ನಿನಲ್ಲಿದ್ದರು. ಸಿಯಾಚಿನ್ ಹಿಮನದಿಯ ಪ್ರದೇಶದಲ್ಲಿ ಸುಮಾರು 19,600 ಅಡಿ ಎತ್ತರದ ಸೋನಮ್ ಠಾಣೆ ಅವರ ಕಾವಲಿನ ಸ್ಥಳ. ಫೆಬ್ರವರಿ 3ರಂದು ಆ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಮಂದಿ ಹೂತುಹೋದರು. ಹತ್ತು ಮಂದಿಯಲ್ಲಿ ಕನ್ನಡನಾಡಿನವರು ಮೂವರು: ಹನುಮಂತಪ್ಪ, ಹಾಸನ ಜಿಲ್ಲೆಯ ಸುಬೇದಾರ್ ನಾಗೇಶ್, ಮೈಸೂರು ಜಿಲ್ಲೆಯ ಸಿಪಾಯಿ ಮಹೇಶ್. ಯಾರೂ ಬದುಕಿರಲಾರರೆಂದೇ ಎಲ್ಲರೂ ತಿಳಿದಿದ್ದರು. ಆರನೆಯ ದಿನ, ಫೆಬ್ರವರಿ 8ರಂದು, ಸುಮಾರು 25 ಅಡಿ ಆಳದಿಂದ ಹನುಮಂತಪ್ಪನವರನ್ನು ಹೊರತೆಗೆದಾಗ ಅವರ ಉಸಿರು ಇನ್ನೂ ಆಡುತ್ತಿತ್ತು. ದೆಹಲಿಯ ಸೈನಿಕ ಆಸ್ಪತ್ರೆಯಲ್ಲಿ ಅವರು ಫೆಬ್ರವರಿ 11ರಂದು ತೀರಿಕೊಂಡರು. ಆ ಮೂರು ದಿನ ಈ ಭಾಗದ ಗುಡಿ, ಮಠ, ಮಸೀದಿ, ಶಾಲೆಗಳಲ್ಲಿ ನಡೆದ ಪ್ರಾರ್ಥನೆಗಳನ್ನು ಬಲ್ಲವರು ಈ ಮಾತನ್ನು ಓದುವವರಲ್ಲಿ ಅನೇಕರಿದ್ದಾರೆ.

ಈಗ ಹಿಮದ ಕಡೆಗೆ ಬರೋಣ. ದೂರದಿಂದ ಚಿತ್ರದಲ್ಲಿ ನೋಡುವ ನಮಗೆ ಹಿಮವೆಂದರೆ ಒಂದೇ ಬಿಳಿಯ ರಾಶಿ. ಆದರೆ ಬೆಟ್ಟದ ಮೇಲೆ ಕುಳಿತ ಹಿಮ ಒಂದೇ ವಸ್ತುವಲ್ಲ. ಅದು ಪದರುಪದರಾಗಿ ಕಟ್ಟಿದ್ದು. ನಮ್ಮ ಕಡೆಯ ಹಳೆಯ ಮಣ್ಣಿನ ಮಾಳಿಗೆಯನ್ನು ನೆನಪಿಗೆ ತಂದುಕೊಳ್ಳಿ. ತೊಲೆ, ಜಂತಿಗಳ ಮೇಲೆ ಕಟ್ಟಿಗೆ ಹಾಸಿ ಅದರ ಮೇಲೆ ಮಣ್ಣು ಹಾಕಿರುತ್ತಾರೆ. ಮಳೆಗಾಲಕ್ಕೆ ಮುಂಚೆ ಸೋರುವ ಕಡೆಗೆ ಮತ್ತೆ ಮಣ್ಣು. ಮರುವರ್ಷ ಅದರ ಮೇಲೆ ಮತ್ತೊಂದು ಪದರು. ಮೇಲಿನಿಂದ ನೋಡುವವನಿಗೆ ಕಾಣುವುದು ಕೊನೆಯ ಪದರು ಮಾತ್ರ. ಆದರೆ ಮಾಳಿಗೆ ನಿಲ್ಲುವುದೂ ಬೀಳುವುದೂ ಕೆಳಗೆ ಎಲ್ಲಿಯೋ ಗೆದ್ದಲು ತಿಂದ ಒಂದು ಜಂತಿಯನ್ನು ಅವಲಂಬಿಸಿರುತ್ತದೆ. ಹಿಮದ ಹೊದಿಕೆಯೂ ಹಾಗೆಯೇ. ನವೆಂಬರಿನಲ್ಲಿ ಬಿದ್ದ ಹಿಮ ತಳದಲ್ಲಿ, ಡಿಸೆಂಬರಿನದು ಅದರ ಮೇಲೆ, ನಿನ್ನೆ ಬಿದ್ದದ್ದು ಎಲ್ಲಕ್ಕೂ ಮೇಲೆ. ನಡುವೆ ಬಿಸಿಲು ಹೊಡೆದ ದಿನದ ಗುರುತು, ಗಾಳಿ ಬೀಸಿದ ದಿನದ ಗುರುತು, ಆಕಾಶ ತಿಳಿಯಾಗಿದ್ದ ರಾತ್ರಿಯ ಗುರುತು, ಎಲ್ಲವೂ ಒಂದೊಂದು ಗೆರೆಯಾಗಿ ಉಳಿದಿರುತ್ತವೆ. ಆ ಚಳಿಗಾಲದ ಹವೆಯ ದಿನಚರಿ ಅಲ್ಲಿ ಹಿಮದಲ್ಲಿಯೇ ಬರೆದಿರುತ್ತದೆ ಎಂದರೆ ಅತಿಶಯೋಕ್ತಿಯಾಗದು.

ಈ ಪದರುಗಳಲ್ಲಿ ಕೆಲವು ಗಟ್ಟಿ, ಕೆಲವು ದುರ್ಬಲ. ದುರ್ಬಲವಾದದ್ದು ಹೇಗೆ ಹುಟ್ಟುತ್ತದೆ ಎಂಬುದರಲ್ಲಿಯೇ ಈ ವಿದ್ಯೆಯ ತಿರುಳಿದೆ. ಎರಡು ಬಗೆಗಳನ್ನು ಹೇಳುತ್ತೇನೆ.

ಮೊದಲನೆಯದು ನಮಗೂ ಪರಿಚಿತವಾದ ಇಬ್ಬನಿಯ ಬಗೆ. ಮೋಡವಿಲ್ಲದ ಚಳಿಯ ರಾತ್ರಿಯಲ್ಲಿ ನೆಲ ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ತಣಿದ ಎಲೆಯ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ. ಮುಂಜಾನೆ ಕಡಲೆಯ ಹೊಲದಲ್ಲಿ ನಡೆದವನ ಕಾಲು ತೊಯ್ಯುವುದು ಇದರಿಂದಲೇ. ಹಿಮದ ಮೇಲೂ ಇದೇ ನಡೆಯುತ್ತದೆ. ಅಲ್ಲಿ ತೇವ ಹನಿಯಾಗುವ ಬದಲು ನೇರವಾಗಿ ಹಳುಕಾಗಿ ಬೆಳೆಯುತ್ತದೆ. ಬೆಳಗಾಗುವಷ್ಟರಲ್ಲಿ ಹಿಮದ ಮೈತುಂಬ ಗರಿಯಂಥ, ಎಲೆಯಂಥ ಹೊಳೆಯುವ ಹಳುಕುಗಳು ನಿಂತಿರುತ್ತವೆ. ನೋಡಲು ಬಲು ಚೆಲುವು. ಆದರೆ ಮರುದಿನ ಅದರ ಮೇಲೆ ಒಂದೆರಡು ಅಡಿ ಹೊಸ ಹಿಮ ಬಿದ್ದಿತೆಂದರೆ ಆ ನಿಂತ ಹಳುಕುಗಳು ಇಸ್ಪೀಟಿನ ಎಲೆಗಳಿಂದ ಕಟ್ಟಿದ ಮನೆಯಂತೆ ಮೇಲಿನ ಭಾರವನ್ನು ಹೊತ್ತು ನಿಲ್ಲುತ್ತವೆ. ಹೊರಗೆ ಕಾಣುವುದಿಲ್ಲ, ವಾರಗಟ್ಟಲೆ ಹಾಗೆಯೇ ಇರಬಲ್ಲವು.

ಎರಡನೆಯದು ತಳದಲ್ಲಿ ನಡೆಯುವ ಬದಲಾವಣೆ. ಚಳಿಗಾಲದ ನಡುವೆ ಹಿಮದ ಮೇಲ್ಮೈ ಶೂನ್ಯಕ್ಕಿಂತ ಇಪ್ಪತ್ತು ಡಿಗ್ರಿ ಕೆಳಗಿದ್ದರೂ ಹೊದಿಕೆಯ ತಳದಲ್ಲಿ ನೆಲಕ್ಕೆ ತಾಗಿದ ಹಿಮ ಶೂನ್ಯದ ಹತ್ತಿರವೇ ಇರುತ್ತದೆ. ಹಿಮ ಒಂದು ಬಗೆಯ ಕಂಬಳಿಯೇ ಅಲ್ಲವೇ? ಕೆಳಗಿನ ಬೆಚ್ಚನೆಯ ಭಾಗದಿಂದ ಮೇಲಿನ ತಣ್ಣನೆಯ ಭಾಗಕ್ಕೆ ಹಿಮದ ಸಂದುಗಳೊಳಗಿಂದ ನೀರಿನ ಆವಿ ಏರುತ್ತದೆ. ಏರುತ್ತ ಒಂದು ಹಳುಕಿನಿಂದ ಬಿಟ್ಟು ಇನ್ನೊಂದಕ್ಕೆ ಅಂಟುತ್ತದೆ. ಪ್ರತಿ ಹತ್ತು ಸೆಂಟಿಮೀಟರಿಗೆ ಒಂದು ಡಿಗ್ರಿಗಿಂತ ಹೆಚ್ಚಿನ ಅಂತರವಿದ್ದರೆ ಹಿಮದ ಕಣಗಳು ಮೂಲೆಮೂಲೆಯಾಗಿ, ಒಂದಕ್ಕೊಂದು ಹಿಡಿತವಿಲ್ಲದೆ, ದಪ್ಪ ಸಕ್ಕರೆಯ ಹರಳುಗಳಂತಾಗುತ್ತವೆ. ಅಂಗೈಯಲ್ಲಿ ಹಿಡಿದರೆ ಬೆರಳ ಸಂದಿನಿಂದ ಸೋರಿಹೋಗುತ್ತವೆ; ಉಂಡೆ ಕಟ್ಟುವುದಿಲ್ಲ. ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಹಿಮ ತೆಳುವಾಗಿದ್ದಷ್ಟೂ ಈ ಅಂತರ ಕಡಿದಾಗುತ್ತದೆ. ಆದ್ದರಿಂದ ಚಳಿಗಾಲದ ಮೊದಲಿಗೆ ಹಿಮ ಕಡಮೆ ಬಿದ್ದು, ಮುಂದೆ ಚಳಿ ಬಿರುಸಾಗಿ, ಆಮೇಲೆ ಒಮ್ಮೆಲೇ ಹೆಚ್ಚು ಹಿಮ ಸುರಿದ ವರ್ಷ ಬಹಳ ಕೆಟ್ಟದ್ದು. ಹಿಮ ಕಡಮೆಯಾದರೆ ಅಪಾಯವೂ ಕಡಮೆಯೆಂದು ತರ್ಕಿಸುವವನು ಇಲ್ಲಿ ಮೋಸಹೋಗುತ್ತಾನೆ.

ದುರ್ಬಲ ಪದರೊಂದೇ ಇದ್ದರೆ ಸಾಲದು. ಅದರ ಮೇಲೆ ಗಟ್ಟಿಯಾದ ಒಂದು ಹಾಸು ಬೇಕು. ಅದನ್ನು ಹಾಸುವುದು ಗಾಳಿ. ಮುಗಿಲಿನಿಂದ ಆರು ಮೂಲೆಯ ನಕ್ಷತ್ರದಂತೆ ಇಳಿಯುವ ಹಿಮದ ಹಳುಕನ್ನು ಗಾಳಿ ನೆಲದ ಮೇಲೆ ಉರುಳಿಸಿ, ತೋಳುಗಳನ್ನು ಮುರಿದು, ನುಚ್ಚು ಮಾಡಿ, ದಿಬ್ಬದ ಮರೆಯಲ್ಲಿ ತಂದು ಸುರಿಯುತ್ತದೆ. ರಾಶಿ ತೂರುವಾಗ ಹೊಟ್ಟು ಗಾಳಿಯ ಮರೆಗೆ ಹೋಗಿ ಬೀಳುವುದನ್ನು ಕಣದಲ್ಲಿ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಾಗೆ ಬಿದ್ದ ನುಚ್ಚು ಬಿಗಿಯಾಗಿ ಹೊಂದಿಕೊಂಡು ರಾಮದುರ್ಗದ ಗುಡ್ಡಗಳ ಹಾಸುಬಂಡೆಯಂತೆ ಒಂದೇ ತುಂಡಾಗಿ ನಿಲ್ಲುತ್ತದೆ. ಆಕಾಶದಿಂದ ಒಂದು ಹನಿ ಹಿಮ ಬೀಳದ ದಿನವೂ ಗಾಳಿಯೊಂದೇ ಕೆಲವು ಗಂಟೆಗಳಲ್ಲಿ ಇಳಿಜಾರಿನ ಮೇಲೆ ಅಪಾಯವನ್ನು ತಂದು ಹೇರಬಲ್ಲದು.

ಇಳಿಜಾರಿಗೂ ಒಂದು ಲೆಕ್ಕವಿದೆ. ಜೋಳದ ರಾಶಿಯ ಮೇಲೆ ಮೊರದಿಂದ ಕಾಳು ಸುರಿದರೆ ರಾಶಿ ತನ್ನದೇ ಒಂದು ಇಳಿಜಾರನ್ನು ಹಿಡಿದು ನಿಲ್ಲುತ್ತದೆ. ಅದಕ್ಕಿಂತ ಕಡಿದಾದರೆ ಕಾಳು ತಾನೇ ಜಾರುತ್ತದೆ. ಹಿಮದಲ್ಲಿ ಸಡಿಲವಾದದ್ದು ಹೀಗೆಯೇ ಒಂದು ಬಿಂದುವಿನಿಂದ ಹೊರಟು ಬೀಸಣಿಗೆಯಂತೆ ಹರಡಿಕೊಂಡು ಜಾರುತ್ತದೆ. ಅದು ಸಾಮಾನ್ಯವಾಗಿ ಸಣ್ಣದು. ಕೊಲ್ಲುವುದು ಹಾಸಿನ ಕುಸಿತ. ಅದು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಆಗುತ್ತದೆ. ಅದಕ್ಕಿಂತ ಕಡಮೆಯಾದರೆ ಹಿಮ ನಿಂತುಕೊಳ್ಳುತ್ತದೆ; ಬಹಳ ಕಡಿದಾದರೆ ಕೂಡುವ ಮೊದಲೇ ಸ್ವಲ್ಪಸ್ವಲ್ಪವಾಗಿ ಉದುರಿಹೋಗುತ್ತದೆ. ಮನುಷ್ಯ ಹತ್ತಬಲ್ಲ, ಜಾರುಹಲಗೆ ಕಟ್ಟಿಕೊಂಡು ಇಳಿಯಬಲ್ಲ ಇಳಿಜಾರೂ ಸರಿಯಾಗಿ ಇದೇ ಆಗಿರುವುದು ದುರ್ದೈವ.

ಇಂಥ ಹಾಸಿನ ಮೇಲೆ ಒಬ್ಬ ಮನುಷ್ಯ ಕಾಲಿಡುತ್ತಾನೆ ಎಂದುಕೊಳ್ಳೋಣ. ಅವನ ಭಾರ ಕೆಳಗಿನ ದುರ್ಬಲ ಪದರಿನ ಒಂದು ಕಡೆಗೆ ತಟ್ಟುತ್ತದೆ. ಅಲ್ಲಿಯ ಹಳುಕುಗಳು ಕುಸಿದು ಪಕ್ಕದವುಗಳ ಮೇಲೆ ಭಾರ ಬೀಳುತ್ತದೆ, ಅವೂ ಕುಸಿಯುತ್ತವೆ. ಕ್ಷಣಾರ್ಧದಲ್ಲಿ ಬಿರುಕು ನೂರಾರು ಅಡಿ ಹರಿದುಹೋಗುತ್ತದೆ. ಪಾದದಡಿಯಲ್ಲಿ ಗುಮ್ಮೆಂಬ ಒಂದು ಸದ್ದು ಕೇಳುತ್ತದೆ, ಹಿಮದ ಒಡಲಿನಿಂದ ಉಸಿರು ಹೊರಬಿದ್ದಂತೆ. ಆ ಸದ್ದನ್ನು ಕೇಳಿಯೂ ಮುಂದೆ ಹೆಜ್ಜೆಯಿಡಬಾರದೆಂದು ಬೆಟ್ಟದವರು ಹೇಳುತ್ತಾರೆ. ಇಳಿಜಾರು ಸಾಕಷ್ಟಿದ್ದರೆ ಮೇಲುಗಡೆ ಅಡ್ಡಗೆರೆ ಎಳೆದಂತೆ ಹಿಮ ಬಿರಿದು ಇಡೀ ಹಾಸು ಒಟ್ಟಿಗೆ ಹೊರಡುತ್ತದೆ. ಅದರ ಭಾರವನ್ನು ನಮ್ಮ ಅಳತೆಯಲ್ಲಿ ಹೇಳುವುದಾದರೆ, ಒಂದು ಎಕರೆ ಅಗಲದ, ಅರ್ಧ ಮೀಟರು ದಪ್ಪದ ಹಾಸು ಸುಮಾರು 400 ಟನ್ ತೂಗುತ್ತದೆ. ಬೈಲಹೊಂಗಲದ ರೈತ ಎಕರೆಗೆ 40 ಟನ್ ಕಬ್ಬು ಬೆಳೆದರೆ ಒಳ್ಳೆಯ ಬೆಳೆ ಎನ್ನುತ್ತಾನೆ. ಇದು ಅದರ ಹತ್ತುಪಟ್ಟು. ದೊಡ್ಡ ಕುಸಿತಗಳಲ್ಲಿ ಒಣಹಿಮ ಗಾಳಿಯೊಡನೆ ಕಲೆತು ಧೂಳಿನ ಮೋಡವಾಗಿ ಗಂಟೆಗೆ 200 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಇಳಿಯಬಲ್ಲದು.

ಈ ಹಿಮವನ್ನೆಲ್ಲ ತರುವ ಹವೆ ಎಲ್ಲಿಯದು? ನಮ್ಮ ಮಲಪ್ರಭೆಯನ್ನು ತುಂಬಿಸುವ ಮುಂಗಾರು ಅರಬ್ಬೀ ಸಮುದ್ರದಿಂದ ಬಂದು ಸಹ್ಯಾದ್ರಿಗೆ ಬಡಿಯುತ್ತದೆ. ಹಿಮಾಲಯದ ಪಶ್ಚಿಮ ಭಾಗಕ್ಕೂ ಕಾರಾಕೋರಮ್ಮಿಗೂ ಚಳಿಗಾಲದ ಹಿಮವನ್ನು ತರುವುದು ಬೇರೆ ಗಾಳಿ. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಹೊರಟು ಇರಾನ್, ಅಫಘಾನಿಸ್ತಾನಗಳನ್ನು ದಾಟಿ ಡಿಸೆಂಬರಿನಿಂದ ಮಾರ್ಚಿಯವರೆಗೆ ಒಂದರ ಹಿಂದೊಂದು ಬರುವ ಈ ಹವಾಕ್ಷೋಭೆಗಳಿಗೆ ಪಶ್ಚಿಮದ ಅಡಚಣೆಗಳೆಂದು ಹವಾಮಾನ ಶಾಸ್ತ್ರಜ್ಞರು ಹೆಸರಿಟ್ಟಿದ್ದಾರೆ. ಪಂಜಾಬಿನ ಗೋದಿಗೆ ಇವು ಮಳೆಯಾಗಿ ವರ. ಬೆಟ್ಟದಲ್ಲಿ ಇವೇ ಹಿಮವಾಗಿ ಸುರಿಯುತ್ತವೆ. ಒಂದು ಅಡಚಣೆ ಬಂದು ಹೋದ ಮೇಲೆ ಆಕಾಶ ತಿಳಿಯಾಗುತ್ತದೆ, ಬಿಸಿಲು ಬೀಳುತ್ತದೆ, ಮನಸ್ಸಿಗೆ ಹಿತವೆನಿಸುತ್ತದೆ. ಹಿಮ ಸುರಿಯುತ್ತಿರುವಾಗ ಮತ್ತು ಸುರಿದು ನಿಂತ ಒಂದೆರಡು ದಿನಗಳವರೆಗೆ ಅಪಾಯ ಹೆಚ್ಚು. ಹೊಸ ಭಾರ ಹಳೆಯ ಪದರುಗಳ ಮೇಲೆ ಬಿದ್ದಿರುತ್ತದೆ, ಇನ್ನೂ ಕುಳಿತುಕೊಂಡಿರುವುದಿಲ್ಲ. ಕಣ್ಣಿಗೆ ಹಿತವಾದ ದಿನವೇ ಕಾಲಿಗೆ ಕೆಟ್ಟ ದಿನವಾಗುವುದು ಹೀಗೆ.

ಸೋನಮ್ ಠಾಣೆಯ ದುರಂತ ಇಷ್ಟಕ್ಕೆ ನಿಲ್ಲುವಂಥದಲ್ಲ. ಅಲ್ಲಿ ಬಿದ್ದದ್ದು ಸಡಿಲ ಹಿಮದ ಹಾಸು ಮಾತ್ರವಾಗಿರದೆ ಎತ್ತರದ ಮಂಜುಗಡ್ಡೆಯ ಗೋಡೆಯೇ ಒಡೆದು ಬಿದ್ದಿತೆಂದು ಸೈನ್ಯ ಆಗ ತಿಳಿಸಿತು. ಹಿಮನದಿ ಎಂಬುದು ಹೆಸರಿಗೆ ತಕ್ಕಂತೆ ನದಿಯೇ. ಸುಮಾರು 76 ಕಿಲೋಮೀಟರು ಉದ್ದದ ಸಿಯಾಚಿನ್ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಇಳಿಯುತ್ತಲೇ ಇರುತ್ತದೆ. ಇಳಿಯುವಾಗ ಅದರ ಅಂಚುಗಳಲ್ಲಿ, ಕಡಿದಾದ ತಾಣಗಳಲ್ಲಿ ಮಂಜುಗಡ್ಡೆ ಸೀಳಿ ಗೋಪುರಗಳಾಗಿ ನಿಲ್ಲುತ್ತದೆ. ಇವು ಯಾವಾಗ ಬೀಳುತ್ತವೆ ಎಂಬುದು ಇವತ್ತಿನ ಹವೆಗಿಂತ ಹೆಚ್ಚಾಗಿ ಒಳಗಿನ ನಡೆಯನ್ನೂ ತೂಕವನ್ನೂ ಅವಲಂಬಿಸಿದೆ. ಹಿಮದ ಹಾಸಿನ ಅಪಾಯವನ್ನು ಒಂದು ಮಟ್ಟಕ್ಕೆ ಮೊದಲೇ ಹೇಳಬಹುದು. ಗಡ್ಡೆಯ ಗೋಡೆ ಬೀಳುವ ದಿನವನ್ನು ಹೇಳುವುದು ಬಹಳ ಕಷ್ಟ. ಅಪಾಯವೆಲ್ಲ ಒಂದೇ ಬಗೆಯದಲ್ಲ ಎಂಬುದನ್ನು ಮರೆಯಬಾರದು.

ಇನ್ನು ಹೂತುಹೋದವನ ಸಂಗತಿ. ಚಳಿಯೇ ಮೊದಲು ಕೊಲ್ಲುತ್ತದೆಂದು ನಾವು ಭಾವಿಸುತ್ತೇವೆ. ಹಾಗಲ್ಲ, ಮೊದಲು ಕೊಲ್ಲುವುದು ಉಸಿರು ಕಟ್ಟುವಿಕೆ. ಜಾರುವಾಗ ನೀರಿನಂತೆ ಹರಿಯುವ ಹಿಮ ನಿಂತ ಕೂಡಲೆ ಗಾರೆಯಂತೆ ಬಿಗಿದುಕೊಳ್ಳುತ್ತದೆ, ಬೆರಳಾಡಿಸಲೂ ಆಗುವುದಿಲ್ಲ. ಹಿಮದ ಸಂದುಗಳಲ್ಲಿ ಗಾಳಿಯಿದ್ದರೂ ಬಿಟ್ಟ ಉಸಿರು ಮುಖದ ಸುತ್ತಲೇ ಸುಳಿಯುತ್ತದೆ. ಅದರ ತೇವ ಹೆಪ್ಪುಗಟ್ಟಿ ಮುಖದ ಮುಂದೆ ಗಡ್ಡೆಯ ಒಂದು ಪೊರೆ ಕಟ್ಟುತ್ತದೆ. ನಮ್ಮ ಹಿರಿಯರು ಹಗೇವಿನ ಬಾಯಿ ತೆರೆದ ಕೂಡಲೆ ಒಳಗೆ ಇಳಿಯುತ್ತಿರಲಿಲ್ಲ. ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಮುಚ್ಚಿದ ಕುಣಿಯಲ್ಲಿ ಕಾಳು ಬಿಟ್ಟ ಕೆಟ್ಟ ಗಾಳಿ ತುಂಬಿ ನಿಂತಿರುತ್ತದೆಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು. ಹಿಮದಡಿ ಸಿಕ್ಕಿದವನು ತನ್ನ ಉಸಿರಿನಿಂದಲೇ ಅಂಥ ಹಗೇವನ್ನು ತುಂಬಿಕೊಳ್ಳುತ್ತಾನೆ. ಸ್ವಿಟ್ಜರ್ಲೆಂಡಿನ ಹಳೆಯ ದಾಖಲೆಗಳ ಪ್ರಕಾರ ಪೂರ್ತಿ ಹೂತವರನ್ನು 15 ನಿಮಿಷಗಳೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. 35 ನಿಮಿಷವಾದರೆ ಮೂವರಲ್ಲಿ ಒಬ್ಬ. ಇತ್ತೀಚಿನ ಅಧ್ಯಯನಗಳು ಆ ಮೊದಲ ಗಡುವನ್ನು ಹತ್ತು ನಿಮಿಷಕ್ಕೇ ಇಳಿಸಿವೆ. ಆದ್ದರಿಂದಲೇ ಹಿಮದಲ್ಲಿ ನಡೆಯುವವರು ಸಂಕೇತ ಕಳಿಸುವ ಪುಟ್ಟ ಯಂತ್ರ, ಚುಚ್ಚಿ ನೋಡುವ ಉದ್ದನೆಯ ಸಲಾಕೆ, ಸಲಿಕೆ ಈ ಮೂರನ್ನೂ ಮೈಗಂಟಿಸಿಕೊಂಡೇ ಇರುತ್ತಾರೆ. ದೂರದಿಂದ ಬರುವ ನೆರವು ಎಷ್ಟು ದೊಡ್ಡದಾದರೂ ತಡವೇ. ಉಳಿಸಬಲ್ಲವನು ಪಕ್ಕದಲ್ಲಿರುವ ಗೆಳೆಯ.

ಹಾಗಿದ್ದರೆ ಆರು ದಿನ? ಗುಡಾರದೊಳಗೆ ಗಾಳಿಗೆ ಎಡೆ ಉಳಿದಿದ್ದರಿಂದ ಹನುಮಂತಪ್ಪನವರ ಉಸಿರು ನಡೆಯಿತೆಂದು ಆಗ ಊಹಿಸಲಾಯಿತು. ಹೊರಗಿನ ಚಳಿ ಶೂನ್ಯಕ್ಕಿಂತ ನಲವತ್ತು ಡಿಗ್ರಿ ಕೆಳಗಿಳಿಯುವ ಆ ಎತ್ತರದಲ್ಲಿ ಹಿಮವೇ ಒಂದು ಮಟ್ಟಿಗೆ ಗಾಳಿಗೆ ತಡೆಯಾಗುತ್ತದೆ. ಮೈ ತಣಿದಂತೆ ದೇಹದ ಬೇಡಿಕೆಯೂ ಕುಗ್ಗುತ್ತದೆ. ಸ್ವಲ್ಪ ಗಾಳಿಯಲ್ಲಿ ಹೆಚ್ಚು ಹೊತ್ತು ಉಳಿಯಲು ಸಾಧ್ಯವಾಗುತ್ತದೆ. ಆ ಎತ್ತರದಲ್ಲಿ ಗಾಳಿಯ ಒತ್ತಡ ನಮ್ಮ ಊರುಗಳಲ್ಲಿರುವುದರ ಹೆಚ್ಚುಕಡಮೆ ಅರ್ಧದಷ್ಟು ಎಂಬುದನ್ನು ನೆನೆದರೆ ಅವರು ಉಳಿದದ್ದರ ಬೆಲೆ ತಿಳಿಯುತ್ತದೆ. ಹೊರತೆಗೆದ ಮೇಲೂ ಅಪಾಯ ಮುಗಿದಿರಲಿಲ್ಲವೇಕೆ ಎಂದು ಅನೇಕರು ಮರುಗಿ ಕೇಳಿದರು. ತಣಿದ ಅಂಗಗಳಿಗೆ ಮತ್ತೆ ರಕ್ತ ಹರಿಯತೊಡಗಿದಾಗ ಅಲ್ಲಿ ಕೂಡಿದ್ದ ವಿಷವಸ್ತುಗಳೂ ಮೈಗೆಲ್ಲ ಹರಡುತ್ತವೆ. ಹೃದಯ, ಮೂತ್ರಪಿಂಡ, ಯಕೃತ್ತುಗಳ ಮೇಲೆ ಒಮ್ಮೆಲೇ ಹೊರೆ ಬೀಳುತ್ತದೆ. ಮೈ ಬೆಚ್ಚಗಾಗುವ ಆ ಹೊತ್ತೇ ಕಠಿಣವೆಂದು ವೈದ್ಯರು ಮೊದಲ ದಿನವೇ ಎಚ್ಚರಿಸಿದ್ದರು. ಕೊನೆಗೆ ಹಲವು ಅಂಗಗಳು ಒಟ್ಟಿಗೆ ಸೋತವು. ಅವರನ್ನು ಹುಡುಕಲು ಹಗಲಿರುಳು ಗಡ್ಡೆಯನ್ನು ಕೊರೆದ ಸೈನಿಕರನ್ನೂ, ಜಾಡು ಹಿಡಿದ ಡಾಟ್ ಮತ್ತು ಮಿಶಾ ಎಂಬ ಎರಡು ನಾಯಿಗಳನ್ನೂ ಇಲ್ಲಿ ನೆನೆಯುವುದು ಉಚಿತ.

ಈ ಅಪಾಯವನ್ನು ಮೊದಲೇ ಓದಲು ಬರುವುದಿಲ್ಲವೇ ಎಂದರೆ, ಬಹಳಮಟ್ಟಿಗೆ ಬರುತ್ತದೆ. ನಮ್ಮ ದೇಶದಲ್ಲಿ ರಕ್ಷಣಾ ಸಂಶೋಧನೆಯ ಅಂಗವಾಗಿ 1969ರಲ್ಲಿ ಹಿಮ ಮತ್ತು ಹಿಮಕುಸಿತದ ಅಧ್ಯಯನ ಸಂಸ್ಥೆ ಸ್ಥಾಪನೆಯಾಯಿತು, ಮನಾಲಿಯಲ್ಲಿ ಬೆಳೆಯಿತು. 2020ರಲ್ಲಿ ಅದು ಭೂಮಾಹಿತಿ ಸಂಶೋಧನೆಯ ಹೊಸ ಸಂಸ್ಥೆಯೊಂದರಲ್ಲಿ ಸೇರಿಹೋಯಿತು. ಇಲ್ಲಿಯವರು ಮಾಡುವ ಮುಖ್ಯ ಕೆಲಸ ಸರಳವಾದದ್ದು: ಹಿಮದಲ್ಲಿ ಗುಂಡಿ ತೋಡಿ, ಅದರ ಗೋಡೆಯನ್ನು ನಯವಾಗಿ ಕಡಿದು, ಪದರು ಪದರಾಗಿ ಬೆರಳಿನಿಂದ ಒತ್ತಿ, ಉಷ್ಣತೆ ಅಳೆದು, ಕಣಗಳನ್ನು ಮಸೂರದಡಿ ನೋಡುವುದು. ಬಾವಿ ತೋಡಿಸುವಾಗ ಎರೆ ಎಲ್ಲಿಗೆ ಮುಗಿಯಿತು, ಗರಸು ಎಲ್ಲಿಂದ ಹತ್ತಿತು ಎಂದು ನಮ್ಮ ರೈತ ಗುರುತಿಸುವ ಬಗೆಯೇ ಇದು. ಇದರೊಡನೆ ಹವಾಮಾನ ಕೇಂದ್ರಗಳ ಅಂಕಿಗಳನ್ನು ಕೂಡಿಸಿ ಒಂದರಿಂದ ಐದರವರೆಗಿನ ಅಪಾಯದ ಮಟ್ಟವನ್ನು ಸಾರುತ್ತಾರೆ. ಈ ಬಗೆಯ ಅಳತೆಗೋಲನ್ನು ಬಳಸುವ ಆಲ್ಪ್ಸ್ ಪರ್ವತದ ನಾಡುಗಳ ಅನುಭವದಿಂದ ತಿಳಿದ ಒಂದು ಸಂಗತಿ ಇಲ್ಲಿ ಹೇಳತಕ್ಕದ್ದು. ಹೆಚ್ಚು ಜನ ಸಾಯುವುದು ಐದನೆಯ ಮಟ್ಟದ ದಿನ ಅಲ್ಲ, ಮೂರನೆಯ ಮಟ್ಟದ ದಿನ. ಐದೆಂದರೆ ಎಲ್ಲರೂ ಮನೆಯಲ್ಲಿ ಕೂರುತ್ತಾರೆ; ಮೂರೆಂದರೆ ನಡುವಿನದು, ಪರವಾಗಿಲ್ಲವೆಂದು ಹೊರಡುತ್ತಾರೆ. ಮಲಪ್ರಭೆಗೆ ನೆರೆ ಬರುವಾಗಲೂ, ಇನ್ನೂ ನೀರು ಮೆಟ್ಟಿಲಿಗೆ ಬಂದಿಲ್ಲವೆಂದು ಕಾದು ಕುಳಿತವರ ಪಾಡೇನಾಯಿತೆಂಬುದನ್ನು ರಾಮದುರ್ಗ, ಸವದತ್ತಿಗಳ ಹೊಳೆಸಾಲಿನವರು 2019ರ ಆಗಸ್ಟಿನಲ್ಲಿ ಕಂಡರು.

ಇಲ್ಲಿಗೆ ನನ್ನ ಮಾತಿನ ಮುಖ್ಯ ಭಾಗಕ್ಕೆ ಬಂದಂತಾಯಿತು. ವಿಹಾರಕ್ಕೆ ಹೋದ ಪರ್ವತಾರೋಹಿ ಹಿಮ ಕೆಟ್ಟದ್ದೆಂದು ಕಂಡರೆ ಹಿಂದಿರುಗಬಹುದು. ಹಿಮವನ್ನು ಓದುವ ವಿದ್ಯೆ ಅವನಿಗೆ ಕೊಡುವ ಅತ್ಯುತ್ತಮ ಫಲವೇ ಹಿಂದಿರುಗುವುದು. ಸೈನಿಕನಿಗೆ ಆ ಆಯ್ಕೆ ಪೂರ್ತಿಯಾಗಿ ಇಲ್ಲ. ಠಾಣೆ ಎಲ್ಲಿರಬೇಕೆಂಬುದನ್ನು ಹಿಮ ನಿರ್ಧರಿಸುವುದಿಲ್ಲ. ಎದುರಿನ ಠಾಣೆ ಎಲ್ಲಿದೆ ಎಂಬುದು ನಿರ್ಧರಿಸುತ್ತದೆ. ಇದು ಇಂದಿನ ಮಾತಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಇಟಲಿ ಮತ್ತು ಆಸ್ಟ್ರಿಯಾದ ಸೈನ್ಯಗಳು ಆಲ್ಪ್ಸಿನ ಶಿಖರಗಳ ಮೇಲೆ ಎದುರುಬದುರು ನಿಂತಿದ್ದಾಗ, ಮಾರ್ಮೊಲಾಡ ಪರ್ವತದ ಮಗ್ಗುಲಲ್ಲಿದ್ದ ಆಸ್ಟ್ರಿಯಾದ ಶಿಬಿರದ ಅಧಿಕಾರಿ ಶಿಬಿರವನ್ನು ಬೇರೆಡೆಗೆ ಸಾಗಿಸಲು ಅನುಮತಿ ಬೇಡಿದ. ಅನುಮತಿ ಸಿಗಲಿಲ್ಲ. 1916ರ ಡಿಸೆಂಬರ್ 13ರಂದು ಹಿಮ ಕುಸಿದು ಅಲ್ಲಿ ಸುಮಾರು 270 ಮಂದಿ ಸತ್ತರು. ಸಿಯಾಚಿನ್ನಿನಲ್ಲಿ ನಮ್ಮ ಸೈನ್ಯ 1984ರ ಏಪ್ರಿಲಿನಿಂದ ನಿಂತಿದೆ. 2003ರ ನವೆಂಬರಿನ ಕದನವಿರಾಮಕ್ಕೆ ಮುಂಚೆಯೂ ಅಲ್ಲಿ ಗುಂಡಿಗಿಂತ ಹೆಚ್ಚು ಜನರನ್ನು ಕೊಂದದ್ದು ಹವೆ ಮತ್ತು ಎತ್ತರ. ಹಿಮಕ್ಕೆ ಪಕ್ಷಪಾತವೂ ಇಲ್ಲ. 2012ರ ಏಪ್ರಿಲ್ 7ರಂದು ಅದೇ ಪ್ರದೇಶದ ಪಾಕಿಸ್ತಾನದ ಗಯಾರಿ ಶಿಬಿರದ ಮೇಲೆ ಕುಸಿತವಾಗಿ 140 ಮಂದಿ ಹೂತುಹೋದರು. ಆ ಸೈನಿಕರ ಮನೆಗಳಲ್ಲೂ ತಾಯಂದಿರು ಸುದ್ದಿಗಾಗಿ ಕಾದಿದ್ದರು.

ಆದ್ದರಿಂದ ಈ ಜ್ಞಾನದಿಂದ ಸೈನಿಕನಿಗೆ ಏನು ಪ್ರಯೋಜನವೆಂದು ಯಾರಾದರೂ ಕೇಳಿಯಾರು. ಪ್ರಯೋಜನ ಬಹಳವಿದೆ. ಇರುವ ಸ್ಥಳವನ್ನು ಬದಲಿಸಲಾಗದಿದ್ದರೂ ನಡೆಯುವ ಹೊತ್ತನ್ನು ಬದಲಿಸಬಹುದು. ಹಗಲಿನ ಬಿಸಿಲಿಗೆ ಮುಂಚೆ ಹಿಮ ಬಿಗಿದಿರುವಾಗ ದಾಟಬಹುದು. ಒಬ್ಬೊಬ್ಬರಾಗಿ ಅಂತರ ಬಿಟ್ಟು ನಡೆದು ಹೊರೆಯನ್ನು ಹಂಚಬಹುದು. ಗುಡಾರವನ್ನು ಗಾಳಿ ಹಿಮ ಸುರಿಯುವ ಮರೆಯಿಂದ ಹತ್ತು ಮಾರು ಆಚೆಗೆ ಹಾಕಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಹೊಸ ಹಿಮ ಬಿದ್ದ ಮೇಲೆ ಎರಡು ದಿನ ಕಾಯಬಹುದು. ಗಡ್ಡೆಯ ಗೋಡೆಯ ಮುಂದೆ ಇವು ಸಾಲದೆ ಹೋಗಬಹುದು. ಹಿಮದ ಹಾಸಿನ ಮುಂದೆ ಇವು ಅನೇಕರನ್ನು ಉಳಿಸುತ್ತವೆ. ವಿಧಿಗೆ ಬಿಡಬೇಕಾದದ್ದು ಎಷ್ಟು, ಮನುಷ್ಯನ ವಿವೇಕಕ್ಕೆ ಸೇರಿದ್ದು ಎಷ್ಟು ಎಂಬುದನ್ನು ಬೇರ್ಪಡಿಸಿ ನೋಡಲು ಕಲಿತರೆ, ಹೋದವರಿಗಾಗಿ ಅಳುವುದರ ಜೊತೆಗೆ ಇರುವವರಿಗಾಗಿ ಸರಿಯಾದ ಪ್ರಶ್ನೆಗಳನ್ನು ಕೇಳಲೂ ನಮಗೆ ಸಾಧ್ಯವಾಗುತ್ತದೆ.

ಕೊನೆಯದಾಗಿ ಈ ಊರುಗಳ ಮನೆಮಂದಿಗೆ ಒಂದು ಮಾತು. ಜನವರಿಯಲ್ಲೋ ಫೆಬ್ರವರಿಯಲ್ಲೋ, ಅತ್ತ ಕಡೆ ಹೆಚ್ಚು ಹಿಮ ಬಿದ್ದಿತೆಂಬ ವಾರ್ತೆ ಕೇಳುತ್ತದೆ. ರಜೆಯ ಮೇಲೆ ಬರಬೇಕಾದ ಮಗ ಹೇಳಿದ ದಿನ ಬರುವುದಿಲ್ಲ. ಕೆಳಗೆ ಇಳಿಯಲು ಅಪ್ಪಣೆಯಾಗಿಲ್ಲ, ನಾಲ್ಕು ದಿನ ತಡವಾಗುತ್ತದೆ ಎಂಬಷ್ಟೇ ಸುದ್ದಿ ಬರುತ್ತದೆ. ಆಗ ತಾಯಿ ಹೊಸ್ತಿಲ ಬಳಿ ಕುಳಿತು ಕಳವಳಪಡುವುದು ಸಹಜ. ಆ ತಡವನ್ನು ಅಪಶಕುನವೆಂದು ತಿಳಿಯಬೇಡಿರಿ. ಅಲ್ಲಿ ಯಾರೋ ಒಬ್ಬರು ಹಿಮದಲ್ಲಿ ಗುಂಡಿ ತೋಡಿ ಪದರುಗಳನ್ನು ಮುಟ್ಟಿ ನೋಡಿದ್ದಾರೆ, ಇನ್ನೂ ಕುಳಿತುಕೊಂಡಿಲ್ಲವೆಂದು ಕಂಡಿದ್ದಾರೆ, ದಾಟುವುದು ಬೇಡವೆಂದು ತಡೆದು ನಿಲ್ಲಿಸಿದ್ದಾರೆ ಎಂದು ಬಹುಮಟ್ಟಿಗೆ ನಂಬಬಹುದು. ಆ ನಾಲ್ಕು ದಿನಗಳ ಕಾಯುವಿಕೆ ಅವನ ಸುರಕ್ಷೆಯ ಒಂದು ಭಾಗ.